ಸುಮ್ನೆ ಕೇಳೋ ಪೆಟ್ಟಿಗೆ

ಆ ಪೆಟ್ಟಿಗೆಯನ್ನು ನಾನು ಮೊದಲು ನೋಡಿದ್ದು ಒಂದು ಬುಧವಾರ, ಬೆಳಿಗ್ಗೆ ಹತ್ತೂವರೆಗೆ. ನನ್ನ ಹೊಲಿಗೆ ಮೇಜಿನ ಮೇಲೆ, ಕತ್ತರಿಸಲೆಂದು ಗೆರೆ ಎಳೆದಿಟ್ಟಿದ್ದ ನೀಲಿ ಬಟ್ಟೆಯ ನಟ್ಟನಡುವೆ ಅದು ಕೂತಿತ್ತು.

ನಾನು: ಎತ್ತು ಅದನ್ನ. ಸೀಮೆಸುಣ್ಣದ ಗೆರೆ ಹೋಗತ್ತೆ.

ಮೈದುನ: ಅತ್ತಿಗೆ, ಇದೇನು ಅಂತ ಗೊತ್ತಾ ನಿಮಗೆ?

ನಾನು: ಏನಾದ್ರೂ ಆಗಿರ್ಲಿ. ಎಡತೋಳಿನ ಮೇಲೆ ಕೂತಿದೆ, ಎತ್ತು.

ನಾದಿನಿ: ಬ್ರೆಡ್ ಸುಡೋ ಡಬ್ಬಿ ತಂದಿದಾನೆ ಅತ್ತಿಗೆ. ನೋಡಿ, ಎರಡು ಸೀಳಿದೆ.

ಮೈದುನ: ಅಕ್ಕಾ, ಇದು ಇಡೀ ಮನೆಗೆ ಒಂದೇ ಉಗ್ರಾಣ! ಫೋಟೋ, ಹಾಡು, ಕಾಗದಪತ್ರ ಎಲ್ಲಾ ಇದರೊಳಗೆ. ವೈಫೈ ಹಿಡಿದು ಯಾರು ಬೇಕಾದ್ರೂ ತೆಗೀಬಹುದು. ನಾನು ಮಹಡೀಲಿ, ನೀನು ಅಡುಗೆಮನೇಲಿ, ಅತ್ತಿಗೆ ಮಿಷನ್ ಮುಂದೆ.

ನಾದಿನಿ: ಅಂದ್ರೆ ನನ್ನ ಫೋಟೋನ ನೀನು ಮಹಡೀಲಿ ಕೂತು ನೋಡ್ತೀಯ?

ಮೈದುನ: ಎದುರಿಗೆ ನೋಡೋದೇ ಸಾಕಾಗಿದೆ ಬಿಡು.

ಇವನು ನನ್ನ ಯಜಮಾನರ ತಮ್ಮ, ಮಹಡಿಯ ಮನೆಯಲ್ಲಿದ್ದಾನೆ. ಮೂವತ್ತೆರಡು ವರ್ಷ ಕಚೇರಿಯಲ್ಲಿ ಕಾಗದಗಳಿಗೆ ಮೊಹರು ಒತ್ತಿ ನಿವೃತ್ತನಾದವನು. ದಿನಕ್ಕೆ ನಾನೂರು ಒತ್ತುತ್ತಿದ್ದೆ, ಒಂದನ್ನೂ ಓದುತ್ತಿರಲಿಲ್ಲ ಎಂದು ಅವನೇ ಹೆಮ್ಮೆಯಿಂದ ಹೇಳುತ್ತಾನೆ. ಹಾಗಾಗಿ ಮನೆಯಲ್ಲಿ ಅವನಿಗೆ ಮೊಹರು ಎಂದೇ ಹೆಸರು. ನಾದಿನಿ ಅವನ ಅಕ್ಕ, ನನ್ನ ಜೊತೆ ಕೆಳಗೆ ಇರುತ್ತಾಳೆ. ನಾನು ಬಟ್ಟೆ ಹೊಲಿಯುತ್ತೇನೆ. ನನಗೆ ಓದು ಅಂದರೆ ಅಕ್ಷರ ಕೂಡಿಸಿ ಕೂಡಿಸಿ ಓದುವಷ್ಟು. ಒಂದೊಂದನ್ನೂ ಬೆರಳಿಟ್ಟು ಓದಬೇಕು, ಬೇಗ ಆಗುವುದಿಲ್ಲ.

ನಾನು: ಇದರೊಳಗೆ ಅವರ ಮಾತು ಬರತ್ತಾ?

ಮೈದುನ: ಅದಕ್ಕೇ ಅಲ್ವಾ ಅತ್ತಿಗೆ ತಂದಿರೋದು!

ಯಜಮಾನರು ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದರು. ತೀರಿಹೋಗುವ ಹಿಂದಿನ ವರ್ಷ, ತಾವಿಲ್ಲದಾಗ ಯಂತ್ರ ಕೈಕೊಟ್ಟರೆ ನಾನು ಪರದಾಡಬಾರದೆಂದು, ಹೊಲಿಗೆ ತಪ್ಪಿದರೆ ಏನೇನು ಮಾಡಬೇಕು ಎಂದು ಹನ್ನೊಂದು ನಿಮಿಷ ಮಾತಾಡಿ ಕಂಪ್ಯೂಟರಿನಲ್ಲಿ ಇಟ್ಟಿದ್ದರು. ಅವರ ದನಿ ಅಂತ ಉಳಿದದ್ದು ಅಷ್ಟೇ. ನಾಲ್ಕು ತಿಂಗಳ ಹಿಂದೆ ಕಂಪ್ಯೂಟರ್ ಸತ್ತುಹೋಯಿತು. ಒಳಗಿನ ಡಿಸ್ಕ್ ಮಾತ್ರ ಚೆನ್ನಾಗಿದೆ ಎಂದು ರಿಪೇರಿಯಾಕೆ ಅದನ್ನು ಬಿಚ್ಚಿ ನನ್ನ ಕೈಗೆ ಕೊಟ್ಟಳು. ಅಂಗೈಯಗಲದ ಕಬ್ಬಿಣದ ತುಂಡು. ಕಿವಿಗೆ ಇಟ್ಟುಕೊಂಡರೂ ಏನೂ ಕೇಳಿಸುವುದಿಲ್ಲ. ನಾನು ಇಟ್ಟುಕೊಂಡು ನೋಡಿದ್ದೇನೆ.

ನಾದಿನಿ: ಈ ನಾಲ್ಕು ತಿಂಗಳಲ್ಲಿ ಮಿಷನ್ ಒಂದು ಸಲಾನೂ ಕೆಟ್ಟಿಲ್ಲ ನೋಡು. ಮುಂಚೆ ವಾರಕ್ಕೆ ಮೂರು ಸಲ ಕೆಡ್ತಿತ್ತು, ಪಾಪ, ಕೂತು ಕೇಳ್ಬೇಕಾಗ್ತಿತ್ತು.

ನಾನು: ನಿನ್ನ ರವಿಕೆ ನಾಳೆಗೆ ಬೇಕು ಅಂದಿದ್ದೆ ಅಲ್ವಾ?

ನಾದಿನಿ: ನಾನೇನೂ ಅಂದಿಲ್ಲಪ್ಪ.

ಮೈದುನ ಚೀಲದಿಂದ ಇನ್ನೊಂದು ಡಿಸ್ಕ್ ತೆಗೆದ. ಅದು ಹೊಸದು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಅವಳಿ ಮಕ್ಕಳ ಹಾಗಿದ್ದವು.

ಮೈದುನ: ಕೇಳಿ. ಡಿಸ್ಕನ್ನ ಪೆಟ್ಟಿಗೇಲಿ ಹಾಕೋದು. ಪೆಟ್ಟಿಗೆ ಸಿದ್ಧ ಆಗತ್ತೆ. ಆಮೇಲೆ ಹಳೇದರಲ್ಲಿರೋದನ್ನ ಈ ವೈರಲ್ಲಿ ಅದಕ್ಕೆ ಸುರಿಯೋದು. ಹತ್ತು ನಿಮಿಷದ ಕೆಲಸ.

ನಾದಿನಿ: ಹೋದ ವರ್ಷ ನಲ್ಲಿ ರಿಪೇರೀನೂ ಹತ್ತೇ ನಿಮಿಷ ಅಂದಿದ್ದೆ. ಮಂಚ ತೇಲ್ತು.

ಮೈದುನ: ಅದು ನೀರು. ಇದು ಒಣಗಿರೋ ಕೆಲಸ.

ಬಟ್ಟೆಗಳು ಅದಲುಬದಲಾಗದಿರಲು ನಾನು ಗಿರಾಕಿಗೊಂದು ಬಣ್ಣದ ದಾರ ಕಟ್ಟುತ್ತೇನೆ. ಹಾಗೆಯೇ ಹಳೆಯ ಡಿಸ್ಕಿಗೆ ಕೆಂಪು ದಾರ ಕಟ್ಟಿದೆ, ಹೊಸದಕ್ಕೆ ಬಿಳಿ. ಮೈದುನ ವೈರು ತರಲು ಮೇಲೆ ಹೋಗುತ್ತಾ, ಮೆಟ್ಟಿಲ ಮೇಲಿಂದಲೇ ಕೂಗಿದ.

ಮೈದುನ: ಅತ್ತಿಗೆ, ಡಿಸ್ಕ್ ಹಾಕಿಟ್ಟಿರಿ! ಕಲೀಬೇಕಾದವರು ನೀವು, ನಾನಲ್ಲ!

ಹಾಕಿದೆ. ನಲವತ್ತೊಂದು ವರ್ಷದ ಕಸುಬು ಕೈಗೆ ಹೇಳಿಕೊಟ್ಟ ಹಾಗೆ ಹಾಕಿದೆ. ಹೊಸ ನಮೂನೆ ಬಂದರೆ ಯಾವ ದರ್ಜಿಯೂ ಮೊದಲ ಕತ್ತರಿಯನ್ನು ಹೊಸ ಬಟ್ಟೆಗೆ ಹಾಕುವುದಿಲ್ಲ. ಹಳೆಯ ಬಟ್ಟೆಯಲ್ಲಿ ಕತ್ತರಿಸಿ, ತೊಡಿಸಿ, ಸರಿಯಾದರೆ ಆಮೇಲೆ ಹೊಸದು. ಅದಕ್ಕೇ ಕೆಂಪು ದಾರದ್ದನ್ನು ಪೆಟ್ಟಿಗೆಯ ಸೀಳಿಗೆ ತೂರಿಸಿದೆ. ದಾರ ಇದ್ದರೆ ಬಾಗಿಲು ಮುಚ್ಚಲಿಲ್ಲ; ಬಿಚ್ಚಿ ಸೆರಗಿಗೆ ಕಟ್ಟಿಕೊಂಡೆ. ಬಿಳಿ ದಾರದ್ದನ್ನು ಗುಂಡಿಯ ಡಬ್ಬಿಯಲ್ಲಿ ಭದ್ರವಾಗಿಟ್ಟೆ.

ಮೈದುನ ಬಂದು ವೈರು ಚುಚ್ಚಿದ. ಪೆಟ್ಟಿಗೆ ಗುರ್ ಎಂದಿತು, ಹಸಿರು ಕಣ್ಣು ಬಿಟ್ಟಿತು. ತನ್ನ ಲ್ಯಾಪ್‌ಟಾಪನ್ನು ನನ್ನ ಮುಂದಿಟ್ಟು, ಪರದೆಯಲ್ಲಿ ಕನ್ನಡ ಬರುವ ಹಾಗೆ ಮಾಡಿ, ಮೌಸನ್ನು ನನ್ನ ಕೈಗೆ ಕೊಟ್ಟ.

ಮೈದುನ: ಈಗ ಅದು ಒಂದೊಂದೇ ಕೇಳತ್ತೆ. ನೀವು ಒತ್ತುತ್ತಾ ಹೋಗಿ.

ನಾನು: ತಾಳು. "ಸ್ವಾ… ಗ… ತ."

ಮೈದುನ: ಸ್ವಾಗತ, ಸ್ವಾಗತ! ಒತ್ತಿ.

ನಾನು: "ನಿಯ… ಮ… ಗಳನ್ನು… ಓದಿ…"

ಮೈದುನ: ಓದಿದೀನಿ ಅಂತ ಒತ್ತಿ.

ನಾನು: ಓದಿಲ್ವಲ್ಲ.

ಮೈದುನ: ಯಾರೂ ಓದಲ್ಲ ಅತ್ತಿಗೆ! ಅದು ಸುಮ್ನೆ ಕೇಳತ್ತೆ. ಎಲ್ಲರ್ನೂ ಕೇಳತ್ತೆ.

ನಾದಿನಿ: ಬಾಗಿಲಲ್ಲಿ ನಿಂತು "ಊಟ ಆಯ್ತಾ" ಅನ್ನೋ ಪಕ್ಕದ ಮನೆಯವಳ ಥರ.

ಮುಂದೆ ಪೆಟ್ಟಿಗೆ ಗುಟ್ಟಿನ ಪದ ಕೇಳಿತು. ಅಕ್ಷರ ಇರಬೇಕು, ಅಂಕಿಯೂ ಇರಬೇಕು. ಮರೆಯಬಾರದು, ಹೊರಗಿನವರಿಗೆ ಹೊಳೆಯಬಾರದು.

ನಾನು: ಹಾಗಾದ್ರೆ ಅಳತೆ ಹಾಕ್ತೀನಿ. ಅಳತೆ ನಾನು ಮರೆಯಲ್ಲ. "ಮೊಹರು ಸೊಂಟ ನಲವತ್ತೆರಡು."

ಮೈದುನ: ಯಾರ ಸೊಂಟ?

ನಾನು: ನಿಂದು.

ಮೈದುನ: ಮೂವತ್ತೆಂಟು!

ನಾನು: ಮೂವತ್ತೆಂಟು ನಿನ್ನ ಮದುವೆ ಪ್ಯಾಂಟು.

ನಾನು ನಲವತ್ತೆರಡು ಎಂದೇ ಒಂದೊಂದು ಗುಂಡಿ ಹುಡುಕಿ ಒತ್ತಿದೆ. ಪದವನ್ನು ಇನ್ನೊಮ್ಮೆ ಬರೆಯಿರಿ ಎಂದಿತು ಪೆಟ್ಟಿಗೆ. ನನಗೆ ತಡವಾಗುತ್ತದೆಂದು ಮೈದುನನೇ ಬರೆದ. ಎರಡೂ ಹೊಂದುತ್ತಿಲ್ಲ ಎಂದು ಕೆಂಪಕ್ಷರ ಬಂತು.

ನಾದಿನಿ: ಲೋ, ಎಷ್ಟು ಬರೆದೆ?

ಮೈದುನ: ಇರೋದನ್ನ ಬರೆದೆ.

ನಾದಿನಿ: ಇವತ್ತು ಬಂದಿರೋ ಪೆಟ್ಟಿಗೆಗೇ ಗೊತ್ತಾಯ್ತು, ನಿನಗೆ ಗೊತ್ತಿಲ್ವಾ?

ನಾನು ಟೇಪು ತೆಗೆದೆ. ಅವನು ಮೂರು ಸಲ ಉಸಿರು ಎಳೆದುಕೊಂಡ, ಮೂರು ಸಲವೂ ನಾನು ಕಾದೆ. ಉಸಿರು ಬಿಡಲೇಬೇಕಲ್ಲ. ನಲವತ್ತೆರಡೂವರೆ. ಅರ್ಧವನ್ನು ನಾನೇ ಬಿಟ್ಟುಕೊಟ್ಟೆ. ಆಮೇಲೆ ಅವನು ನಲವತ್ತೆರಡು ಎಂದೇ ಬರೆದ. ಪೆಟ್ಟಿಗೆ ಒಪ್ಪಿತು.

ಅದಾದ ಮೇಲೆ ಪರದೆಯಲ್ಲಿ ಒಂದು ಹಳದಿ ಚೌಕ ಬಂತು. ಕೆಳಗೆ ಎರಡು ಗುಂಡಿ: ಹೌದು, ಇಲ್ಲ.

ಮೈದುನ: ಹಾಂ, ಇದೇ ಕೊನೇದು. ಹೌದು ಒತ್ತಿ.

ನಾನು: "ಈ… ಡಿಸ್ಕಿ… ನ… ಲ್ಲಿ…"

ಮೈದುನ: ಹೌದು ಒತ್ತಿ ಅತ್ತಿಗೆ.

ನಾನು: "…ರುವ… ಎಲ್ಲ… ಮಾಹಿತಿ…"

ಮೈದುನ: ಕೈಯಲ್ಲಿರೋ ಕಾಫಿ ಆರಿಹೋಯ್ತು. ಒತ್ತಿ.

ನಾದಿನಿ: ಓದ್ಲಿ ಬಿಡೋ. ನಿನ್ನ ಹಿಂದೆ ಸಾಲಲ್ಲಿ ಯಾರೂ ನಿಂತಿಲ್ಲ.

ನಾನು: "…ಶಾ… ಶ್ವ… ತ… ವಾಗಿ…" ಶಾಶ್ವತವಾಗಿ ಅಂದ್ರೆ ಇನ್ಯಾವತ್ತೂ ಅಂತ ತಾನೇ?

ಮೈದುನ: ಹೂಂ, ಹೂಂ. ಒತ್ತಿ.

ನಾನು: "…ಅಳಿಸಿ… ಹೋಗು… ತ್ತದೆ. ಮುಂದು… ವರಿಯ… ಬೇಕೆ?"

ಮೈದುನ: ಬೇಕು!

ನಾನು: ಏನು ಅಳಿಸಿಹೋಗೋದು?

ಮೈದುನ: ಏನೂ ಇಲ್ಲ. ಡಿಸ್ಕ್ ಖಾಲಿ ಇದೆ.

ನಾನು: ಖಾಲಿ ಇದ್ರೆ ಅಳಿಸೋದೇನು?

ಮೈದುನ: ಅಯ್ಯೋ, ಅದು ಸುಮ್ನೆ ಕೇಳತ್ತೆ ಅಂದ್ನಲ್ಲ! ಎಲ್ಲರ್ನೂ ಕೇಳತ್ತೆ! ಬಿಡಿ, ನಾನೇ ಒತ್ತುತೀನಿ.

ಅವನ ಕೈ ಮೌಸಿನ ಮೇಲಿದ್ದ ನನ್ನ ಕೈಮೇಲೆ ಬಂತು. ನನ್ನ ಇನ್ನೊಂದು ಕೈಯಲ್ಲಿ ಮರದ ಅಳತೆಪಟ್ಟಿ ಇತ್ತು. ಗೆಣ್ಣಿನ ಮೇಲೆ ಒಂದು ಕೊಟ್ಟೆ. ಜೋರಾಗಿ ಅಲ್ಲ, ಕತ್ತರಿಗೆ ಕೈ ಹಾಕುವ ಮಕ್ಕಳಿಗೆ ಕೊಡುವಷ್ಟು.

ಮೈದುನ: ಅಮ್ಮಾ! ಅರವತ್ತಾರು ವರ್ಷದವನಿಗೆ ಹೊಡೀತೀರಲ್ಲ!

ನಾನು: ಸುಮ್ನೆ ಕೇಳೋವ್ರು ಶಾಶ್ವತ ಅಂತೆಲ್ಲ ಅನ್ನಲ್ಲ ಕಣೋ. ಖಾಲಿ ಅನ್ನೋದು ನಿನಗೆ ಹೇಗೆ ಗೊತ್ತು?

ಮೈದುನ: ಹೊಸ ಡಿಸ್ಕಲ್ಲಿ ಏನಿರತ್ತೆ!

ನಾನು: ಹೊಸದು ಗುಂಡಿ ಡಬ್ಬೀಲಿದೆ. ಒಳಗಿರೋದು ಹಳೇದು.

ಕಾಫಿ ಲೋಟ ಅವನ ಕೈಯಲ್ಲೇ ಬಾಗಿತು. ನೀಲಿ ಬಟ್ಟೆಯ ಎಡತೋಳಿನ ಮೇಲೆ ಕಾಫಿ ಚೆಲ್ಲಿತು. ಆ ಗೆರೆಗೆ ಅವತ್ತು ಉಳಿಗಾಲ ಇರಲಿಲ್ಲ. ನಾದಿನಿ ಎದ್ದು ನಿಂತಳು. ಪೆಟ್ಟಿಗೆ ಮಾತ್ರ ಗುರ್ ಎನ್ನುತ್ತಾ ಉತ್ತರಕ್ಕೆ ಕಾಯುತ್ತಿತ್ತು.

ಮೈದುನ: ಹ… ಹಳೇದಾ? ಅಣ್ಣನ ಮಾತಿರೋದಾ?

ನಾನು: ಹೂಂ.

ಮೈದುನ: ಹಳೇದನ್ನ ಯಾರಾದ್ರೂ ಮೊದಲು ಹಾಕ್ತಾರಾ ಅತ್ತಿಗೆ?

ನಾನು: ಹೊಸದಕ್ಕೆ ಯಾರಾದ್ರೂ ಮೊದಲ ಕತ್ತರಿ ಹಾಕ್ತಾರಾ?

ಮೈದುನ: ಇದು ಬಟ್ಟೆ ಅಲ್ಲ!

ನಾನು: ನೀನು ಡಿಸ್ಕ್ ಹಾಕಿ ಅಂದೆ. ಯಾವುದು ಅಂದ್ಯಾ? ನಾನು ದಾರ ಕಟ್ಟಿದ್ದೆ. ನೀನು ನೋಡಿದ್ಯಾ? ತಪ್ಪು ನಂದೂ ಇದೆ, ಹಾಕಿದ್ದು ನಾನೇ. ಆದ್ರೆ ಕೇಳಿದ್ದಕ್ಕೆಲ್ಲ ಹೌದು ಅಂದಿದ್ದು ಯಾರು?

ನಾದಿನಿ: ದೇವರೇ. ಅತ್ತಿಗೆಗೆ ಬೇಗ ಓದೋಕೆ ಬರಲ್ಲ ಅಂತ ಅಣ್ಣ ಉಳಿದ. ನಿನ್ನ ಥರ ಓದಿದ್ದಿದ್ರೆ ಹೋಗಿರೋನು.

ಮೈದುನ ಕೂತುಬಿಟ್ಟ. ಕನ್ನಡಕ ತೆಗೆದು ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದ. ಬೈಯಬೇಕೆಂದಿದ್ದವಳು ಅಳತೆಪಟ್ಟಿ ಕೆಳಗಿಟ್ಟೆ. ಅವನಿಗೂ ಆ ದನಿ ನಾಲ್ಕು ತಿಂಗಳಿಂದ ಕೇಳಿರಲಿಲ್ಲವಲ್ಲ. "ಇಲ್ಲ" ಎಂಬ ಗುಂಡಿಯನ್ನು ಎರಡು ಸಲ ಓದಿ, ಒತ್ತಿದೆ.

ಪೆಟ್ಟಿಗೆಯನ್ನು ಆರಿಸಿ, ಹಳೆಯದನ್ನು ತೆಗೆದು, ಕೆಂಪು ದಾರ ಮರಳಿ ಕಟ್ಟಿದೆ. ಬಿಳಿಯದನ್ನು ಹಾಕಿದೆ. ಹಳದಿ ಚೌಕ ಮತ್ತೆ ಬಂತು. ಈ ಸಲ ಮೈದುನನೇ ಓದಿದ. ಬೆರಳಿಟ್ಟು, ಜೋರಾಗಿ, ನನಗಿಂತ ನಿಧಾನವಾಗಿ ಓದಿದ. ನಾದಿನಿ ಎರಡು ಸಲ ಆಕಳಿಸಿದಳು. ಆಮೇಲೆ ಹಳೆಯದರಲ್ಲಿದ್ದದ್ದು ವೈರಿನಲ್ಲಿ ಹೊಸದಕ್ಕೆ ಹರಿಯಿತು. ಅವನು ಹೇಳಿದ ಹತ್ತು ನಿಮಿಷ ಮೂರು ಗಂಟೆಯಾಯಿತು. ಅಷ್ಟರಲ್ಲಿ ಕಾಫಿಯಾದ ಬಟ್ಟೆಯನ್ನು ಒಗೆದು ಒಣಹಾಕಿದೆ.

ಊಟ ಮುಗಿಸಿ ಮೂವರೂ ಮೇಜಿನ ಸುತ್ತ ಕೂತೆವು. ನಾದಿನಿ ತನ್ನ ಫೋನಿನಲ್ಲಿ ಒತ್ತಿದಳು. ಮೊದಲು ಎಣ್ಣೆ ಡಬ್ಬಿ ಇಟ್ಟ ಸದ್ದು. ಆಮೇಲೆ ಕೆಮ್ಮು. ಆಮೇಲೆ ಅವರು.

"ನೋಡು, ಹೊಲಿಗೆ ತಪ್ಪಿದ್ರೆ ಮೊದಲು ಸೂಜಿ ನೋಡು. ಮಿಷನ್ನಿಗೆ ಬೈಬೇಡ, ಅದಕ್ಕೇನು ಗೊತ್ತು. ಸೂಜಿ ಸರಿಯಿದ್ರೆ ಬಾಬಿನ್ ತೆಗಿ. ಆ ಸಣ್ಣ ಸ್ಕ್ರೂ ಇದೆಯಲ್ಲ, ಎಡಕ್ಕೆ ಕಾಲು ಸುತ್ತು… ಏಯ್, ನೀನು ಮುಟ್ಟಬೇಡ. ಮುಟ್ಟಬೇಡ ಅಂದೆ! ಇವನೊಬ್ಬ, ಹೇಳೋದ್ರೊಳಗೆ ತಿರುಗಿಸಿಬಿಡ್ತಾನೆ…"

ನಾದಿನಿ: ಆಗ್ಲೂ ನೀನೇನಾ ಅದು?

ಮೈದುನ: …ಪಕ್ಕದಲ್ಲಿ ನಿಂತಿದ್ದೆ ಅಷ್ಟೇ.

ನಾನು: ಹಿಂದಕ್ಕೆ ಹಾಕಿ ಇನ್ನೊಂದು ಸಲ ಹಾಕು. ಎಷ್ಟು ಸುತ್ತು ಅಂದ್ರು ಕೇಳಿಸಲಿಲ್ಲ.

ನಾದಿನಿ: ಕಾಲು ಸುತ್ತು. ಇಷ್ಟು ವರ್ಷದಿಂದ ಕಾಲೇ ಸುತ್ತು.

ಆದರೂ ಹಾಕಿದಳು. ಮೂರು ಸಲ ಹಾಕಿದಳು.

ಕೊನೆಗೆ ಉಳಿದದ್ದು ಮನೆಯವರ ಹೆಸರು ಸೇರಿಸುವುದು. ನಾದಿನಿಯನ್ನು ಸೇರಿಸಿದೆ. ಮೈದುನನನ್ನು "ಮೊಹರು" ಎಂದು ಸೇರಿಸಿದೆ. ಅವನು ಕಿಟಕಿಯ ಬಳಿ ಹೋಗಿ ನಿಂತು, ಬೆನ್ನು ತಿರುಗಿಸಿ ಮತ್ತೆ ಕನ್ನಡಕ ಒರೆಸುತ್ತಿದ್ದ. ಆಗ ಪೆಟ್ಟಿಗೆ ಇನ್ನೊಂದು ಚೌಕ ತೋರಿಸಿತು. ಅಕ್ಷರಕ್ಕೆ ಅಕ್ಷರ ಕೂಡಿಸಿ, ಮನಸ್ಸಿನಲ್ಲೇ ಓದಿದೆ.

"ಮೊಹರು ಅವರಿಗೆ ಕಡತಗಳನ್ನು ಅಳಿಸುವ ಅಧಿಕಾರ ನೀಡಬೇಕೆ?"

ಹೌದು. ಇಲ್ಲ.

ಎರಡನೆಯದನ್ನು ಒತ್ತಿದೆ. ಟಿಕ್ ಎಂದಿತು.

ಮೈದುನ: ಏನ್ ಕೇಳ್ತು ಅತ್ತಿಗೆ ಅದು?

ನಾನು: ಏನಿಲ್ಲಪ್ಪ. ಅದು ಸುಮ್ನೆ ಕೇಳತ್ತೆ. ಎಲ್ಲರ್ನೂ ಕೇಳತ್ತೆ.