ತಾತನ ಗಂಟೆಗೆ ನಾನು ಕಂಪ್ಯೂಟರ್ ಕಟ್ಟಿದ್ದು

ಕಂಪ್ಯೂಟರ್ ವಿಷಯದಲ್ಲಿ ಇಡೀ ತರೀಕೆರೆಯಲ್ಲಿ ನನ್ನನ್ನು ಮೀರಿಸುವವರಿಲ್ಲ. ಇದನ್ನು ಸ್ವತಃ ನಾನೇ ಹೇಳುತ್ತಿರುವುದರಿಂದ ನೀವು ಧೈರ್ಯವಾಗಿ ನಂಬಬಹುದು. ಪಿಯುಸಿಯಲ್ಲಿ ಅದನ್ನೇ ಓದುತ್ತಿದ್ದೇನೆ. ಬೀದಿಯವರ ಫೋನು ಕೆಟ್ಟರೆ ನನ್ನ ಹತ್ತಿರವೇ ತರುತ್ತಾರೆ. ಆಮೇಲೆ ಅಂಗಡಿಗೆ ಒಯ್ಯುತ್ತಾರೆ, ಆ ಮಾತು ಬೇರೆ.

ನಮ್ಮ ಚರ್ಚಿನ ಗಂಟೆ ಹೊಡೆಯುವವರು ನಮ್ಮ ತಾತ ಚೌರಪ್ಪ. ಬೆಳಿಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಆರಕ್ಕೆ ಜಪದ ಗಂಟೆ. ಭಾನುವಾರದ ಪೂಜೆಗೆ ಇನ್ನೊಂದು ಲಯ, ಮದುವೆಗೆ ಮತ್ತೊಂದು. ಸಾವಿಗೆ ಮಾತ್ರ ಒಂದೊಂದೇ ಪೆಟ್ಟು, ನಡುವೆ ಒಂದು ನಿಟ್ಟುಸಿರಿನಷ್ಟು ಬಿಡುವು. ಅದು ಕೇಳಿದರೆ ನಮ್ಮ ಜನ ಒಲೆ ಆರಿಸಿ, ಸತ್ತವರ ಮನೆಗೆ ಕಾಫಿ, ಬನ್ನು ಹಿಡಿದು ಹೊರಟೇಬಿಡುತ್ತಾರೆ. ಸತ್ತವರು ಯಾರೆಂದು ದಾರಿಯಲ್ಲಿ ವಿಚಾರಿಸಿಕೊಳ್ಳುತ್ತಾರೆ!

ಈ ಗಂಟೆಯಿಂದ ಸಂಕಟವೆಲ್ಲ ಅಜ್ಜಿಗೆ. ಅವರ ತವರು ಅಜ್ಜಂಪುರ. ಬಸ್ಸು ಹತ್ತಿದರೆ ಒಂದು ನಿದ್ದೆಯ ದೂರ. ಆದರೂ ಮದುವೆಯಾದಾಗಿನಿಂದ ಗಂಡನ ಜೊತೆ ಅಲ್ಲಿ ಒಂದು ರಾತ್ರಿ ಉಳಿದವರಲ್ಲ. ಊಟ ಮುಗಿಯುತ್ತಿದ್ದಂತೆ ತಾತ ಟವೆಲು ಕೊಡವಿ ಏಳುತ್ತಾರೆ: "ನಡಿಯೇ, ಸಂಜೆ ಗಂಟೆ ಐತೆ."

"ನನ್ ಸವತಿ ಆ ಗೋಪುರದಾಗೆ ನೇತಾಡ್ತಾವ್ಳೆ ಕಣೇ ರೀಟಾ," ಎಂದು ಅಜ್ಜಿ ನನ್ನ ಹತ್ತಿರ ಅತ್ತರು. ಅಜ್ಜಂಪುರದಲ್ಲಿ ಅಜ್ಜಿಯ ತಮ್ಮ ಹೊಸ ಮನೆ ಕಟ್ಟಿ ಕರೆದಿದ್ದರು. ಈ ಸಲವಾದರೂ ಒಂದು ರಾತ್ರಿ ಇದ್ದು ಬರಬೇಕು ಎಂಬುದೊಂದೇ ಆಸೆ.

ನಾನು ಎದ್ದು ನಿಂತೆ. "ಅಜ್ಜಿ, ಬ್ಯಾಗ್ ಕಟ್ಟಿ. ಇನ್ಮೇಲೆ ಗಂಟೆ ಕಂಪ್ಯೂಟರ್ ಹೊಡಿಯುತ್ತೆ."

"ಅದ್ಕೆ ಹಗ್ಗ ಎಲ್ಲಿ ಕಟ್ತೀಯೇ?" ಎಂದರು ತಾತ.

ವಿಜ್ಞಾನಕ್ಕೆ ಇಂಥ ವಿರೋಧ ಇದ್ದದ್ದೇ. ತಾತನ ಜಪದ ಗಂಟೆ, ಪೂಜೆಯ ಗಂಟೆ, ಮದುವೆಯ ಗಂಟೆ ಎಲ್ಲವನ್ನೂ ಅವರು ಹೊಡೆಯುವಾಗಲೇ ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಸಾವಿನ ಗಂಟೆಯನ್ನು ಸುಮ್ಮಸುಮ್ಮನೆ ಹೊಡೆಯಲು ತಾತ ಒಪ್ಪಲಿಲ್ಲ. ಪುಣ್ಯಕ್ಕೆ ಲಿಂಗದಹಳ್ಳಿ ಕಡೆಯ ಒಬ್ಬ ವೃದ್ಧರು ಅದೇ ವಾರ ತೀರಿಕೊಂಡು ಸಹಕರಿಸಿದರು. ನಾಲ್ಕೂ ಗಂಟೆಗಳು ಚರ್ಚಿನ ಆಫೀಸಿನ ಕಂಪ್ಯೂಟರಿನಲ್ಲಿ ಸಾಲಾಗಿ ಕೂತವು. ಹೊತ್ತಿಗೆ ಸರಿಯಾಗಿ ಜಪದ ಗಂಟೆ ತಾನೇ ಶುರುವಾಗುವಂತೆ ಟೈಮು ಇಟ್ಟೆ. ಹಬ್ಬಕ್ಕೆಂದು ಗೋಪುರದ ತುದಿಗೆ ಕಟ್ಟಿದ್ದ ಸ್ಪೀಕರಿಗೆ ವೈರು ಎಳೆದೆ. ಕರೆಂಟು ಹೋದರೂ ನಿಲ್ಲಬಾರದೆಂದು ಅದೇ ಕೋಣೆಯ ಇನ್ವರ್ಟರಿಗೆ ಸೇರಿಸಿದೆ. ಯಾರೂ ಮುಟ್ಟಬಾರದೆಂದು ಫಾದರ್ ಕೈಯಲ್ಲಿ ಬೀಗ ಹಾಕಿಸಿದೆ.

"ನಿಲ್ಲಿಸೋದು ಹೆಂಗೇ?" ಎಂದಳು ಅಮ್ಮ.

"ಚೆನ್ನಾಗಿ ನಡೆಯೋದನ್ನ ಯಾಕಮ್ಮಾ ನಿಲ್ಲಿಸ್ಬೇಕು?"

ಈ ಮಾತನ್ನು ಅಮ್ಮ ಇವತ್ತಿಗೂ ದಿನಕ್ಕೊಂದು ಸಲ ನನಗೆ ಹೇಳಿ ತೋರಿಸುತ್ತಾಳೆ.

ಶನಿವಾರ ತಾತ ಬೆಳಗಿನ ಗಂಟೆ ಹೊಡೆದು, ಹಗ್ಗವನ್ನು ಒಮ್ಮೆ ಸವರಿ, ಅಜ್ಜಿಯ ಜೊತೆ ಬಸ್ಸು ಹತ್ತಿದರು. ಅಜ್ಜಿ ಹೊಸ ಸೀರೆ ಉಟ್ಟಿದ್ದರು. ಫಾದರ್ ಮೀಟಿಂಗಿಗೆಂದು ಕಡೂರಿಗೆ ಹೋದರು. ಬೀಗದ ಕೈ ಅವರ ಜೇಬಿನಲ್ಲೇ ಹೋಯಿತು.

ಸರಿಯಾಗಿ ಹನ್ನೆರಡಕ್ಕೆ ಜಪದ ಗಂಟೆ ಮೊಳಗಿತು. ಆಹಾ! ನಾನು ಚರ್ಚಿನ ಅಂಗಳದಲ್ಲಿ ಕೈಕಟ್ಟಿ ನಿಂತಿದ್ದೆ, ಯಾರಾದರೂ ಹೊಗಳಲಿ ಎಂದು. ಗಂಟೆ ಮುಗಿಯಿತು. ಆಮೇಲೆ ಪೂಜೆಯ ಗಂಟೆ ಶುರುವಾಯಿತು!

ಒಂದು ಹಾಡು ಮುಗಿದರೆ ಕಂಪ್ಯೂಟರ್ ತಾನಾಗಿಯೇ ಮುಂದಿನದಕ್ಕೆ ಹೋಗುತ್ತದೆ. ಇದು ಮೂರನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ಪರೀಕ್ಷೆ ಮಾಡಿದಾಗ ಮೊದಲನೆಯದು ಮುಗಿದ ಕೂಡಲೇ ನಾನೇ ಕೈಯಾರೆ ನಿಲ್ಲಿಸಿ ಚಪ್ಪಾಳೆ ಹೊಡೆದುಕೊಂಡಿದ್ದೆ.

ಪೂಜೆಯ ಗಂಟೆಗೆ ಜನ ಕಿಟಕಿ ತೆರೆದರು. ಮದುವೆಯ ಗಂಟೆಗೆ ಬಾಗಿಲಿಗೆ ಬಂದರು. ಸಾವಿನ ಗಂಟೆಗೆ ಬೀದಿಗಿಳಿದರು.

"ಚೌರಪ್ಪಣ್ಣ ಯಾವತ್ತೂ ಹಿಂಗೆ ಹೊಡ್ದೋರಲ್ಲ. ಅವ್ರೇ ಹೋಗವ್ರೆ! ಅದ್ಕೇ ಯಾರೋ ಗಂಟೆ ಹೊಡಿಯಾಕೆ ಬರ್ದೇ ಇರೋರು ಹೊಡೀತಾವ್ರೆ!" ಎಂದು ಪಕ್ಕದ ಬೀದಿಯ ಫಿಲೋಮಿನಾ ಆಂಟಿ ತೀರ್ಪು ಕೊಟ್ಟರು. ಅರ್ಧ ಊರು ಕಾಫಿ ಕ್ಯಾನು ಹಿಡಿದು ನಮ್ಮ ಮನೆಗೆ ನುಗ್ಗಿತು. ಅಮ್ಮ ಮೀನು ಹುರಿಯುತ್ತಿದ್ದಳು.

"ಇಂಥಾ ದಿನ ಮೀನಾ?" ಎಂದು ಫಿಲೋಮಿನಾ ಆಂಟಿ ಒಲೆ ಆರಿಸಿಯೇಬಿಟ್ಟರು.

ಇತ್ತ ನಾನು ಎದುರು ಮನೆಯಿಂದ ಮಾವಿನಕಾಯಿ ಕೀಳುವ ದೋಟಿ ತಂದು, ಆಫೀಸಿನ ಕಿಟಕಿಯ ಸರಳುಗಳ ಮಧ್ಯೆ ತೂರಿಸಿ, ಕೀಬೋರ್ಡಿಗೆ ಗುರಿಯಿಟ್ಟೆ. ಕುಟ್ಟಿದೆ. ವಾಲ್ಯೂಮು ಜಾಸ್ತಿಯಾಯಿತು! ಮತ್ತೆ ಕುಟ್ಟಿದೆ. ಮತ್ತೂ ಜಾಸ್ತಿಯಾಯಿತು! ನಾಲ್ಕೂ ಗಂಟೆ ಮುಗಿದು ಮತ್ತೆ ಮೊದಲಿನಿಂದ ಜಪ, ಪೂಜೆ, ಮದುವೆ, ಸಾವು. ಪಾಪ, ಒಬ್ಬ ಮನುಷ್ಯನಿಗೆ ಒಂದು ಜನ್ಮಕ್ಕೆ ಬೇಕಾದದ್ದೆಲ್ಲ ಅರ್ಧ ಗಂಟೆಗೊಮ್ಮೆ!

ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಅಜ್ಜಂಪುರಕ್ಕೆ ಫೋನ್ ಹಚ್ಚಿದ್ದರು. ಎತ್ತಿದವರು ತಾತ.

"ಚೌರಪ್ಪನೋರು ತೀರ್ಕೊಂಡ್ರಂತೆ. ಮಣ್ಣು ಎಷ್ಟೊತ್ತಿಗೆ?"

"ನಾನೇ ಕಣಯ್ಯಾ ಚೌರಪ್ಪ. ನಂಗಿನ್ನೂ ಯಾರೂ ಹೇಳಿಲ್ವಲ್ಲ!"

ಅಜ್ಜಿ ಆಗ ತಾನೇ ಎಲೆಯ ಮುಂದೆ ಕೂತಿದ್ದರಂತೆ. ಒತ್ತು ಶಾವಿಗೆಗೆ ಕಾಯಿಹಾಲು ಬಡಿಸಿಕೊಂಡಿದ್ದರಂತೆ. ತಾತ ಟವೆಲು ಕೊಡವಿದರಂತೆ.

ಅವರು ಚರ್ಚಿನ ಅಂಗಳಕ್ಕೆ ಬಂದಾಗ ನಾನಿನ್ನೂ ದೋಟಿ ಹಿಡಿದೇ ಇದ್ದೆ. ತಾತನನ್ನು ಕಂಡು ಜನರಿಗೆ ಸಂತೋಷವಾಯಿತು. ಕೈಯಲ್ಲಿದ್ದ ಬನ್ನು ನೋಡಿಕೊಂಡು ಸ್ವಲ್ಪ ನಿರಾಸೆಯೂ ಆಯಿತು. ಅಜ್ಜಿ ನೇರವಾಗಿ ನನ್ನ ಹತ್ತಿರ ಬಂದರು. ದೋಟಿ ಕಿತ್ತುಕೊಂಡು, ಕಿಟಕಿಯೊಳಗೆ ತೂರಿಸಿ, ಅದರ ಕೊಕ್ಕೆಯಿಂದ ಸ್ಪೀಕರಿನ ವೈರನ್ನು ನುಗ್ಗೇಕಾಯಿ ಕಿತ್ತಂತೆ ಕಿತ್ತೆಸೆದರು.

ಊರೇ ತಣ್ಣಗಾಯಿತು. ಸಂಜೆಯ ಗಂಟೆಯನ್ನು ತಾತನೇ ಹೊಡೆದರು. ಅಜ್ಜಿ ಹೊಸ ಸೀರೆಯಲ್ಲೇ ಗೋಡೆ ಕಡೆ ತಿರುಗಿ ಮಲಗಿದರು. ಜೋಕು ಮಾಡೋಣವೆಂದು ಬಾಯಿ ತೆರೆದೆ, ಬರಲಿಲ್ಲ. ನನಗೇ ಬರಲಿಲ್ಲ ಎಂದರೆ ಪರಿಸ್ಥಿತಿ ಊಹಿಸಿಕೊಳ್ಳಿ.

ಮರುದಿನ ಪೂಜೆಯಾದ ಮೇಲೆ ನಾನೇ ತಾತನ ಹತ್ತಿರ ಹೋಗಿ, "ಹಗ್ಗ ಹಿಡಿಯೋದು ಹೇಳಿಕೊಡಿ" ಎಂದೆ. ಮೊದಲ ಸಲ ಎಳೆದಾಗ ಗಂಟೆ ಕೆಳಗೆ ಬರಲಿಲ್ಲ, ನಾನೇ ಮೇಲಕ್ಕೆ ಹೋದೆ! ಅಂಗೈ ಬೊಬ್ಬೆ ಬಂದು ಒಣಗುವ ಹೊತ್ತಿಗೆ ಲಯ ಸಿಕ್ಕಿತು. ಜಪದ ಗಂಟೆ ಜಪದಂತೆಯೇ ಕೇಳುತ್ತದೆ ಎಂದು ಫಿಲೋಮಿನಾ ಆಂಟಿ ಸರ್ಟಿಫಿಕೇಟ್ ಕೊಟ್ಟ ಮೇಲೆ ಇಬ್ಬರನ್ನೂ ಮತ್ತೆ ಬಸ್ಸು ಹತ್ತಿಸಿದೆ.

ಬೆಳಿಗ್ಗೆ ಅಜ್ಜಿಯ ಫೋನು. "ರಾತ್ರಿ ಚೆನ್ನಾಗಿ ನಿದ್ದೆ ಬಂತು ಕಣೇ. ಇನ್ನೂ ಒಂದ್ವಾರ ಇದ್ದು ಬತ್ತೀವಿ. ಹೆಂಗೂ ನೀನಿದ್ದೀಯಲ್ಲ!"

ಹೀಗೆ ನಮ್ಮ ಚರ್ಚಿನಲ್ಲಿ ಹಳೆಯದೂ ಹೊಸದೂ ಈಗ ಹೊಂದಿಕೊಂಡು ಹೋಗುತ್ತಿವೆ. ಕತ್ತಲಿರುವಾಗಲೇ ಫೋನು ನನ್ನನ್ನು ಎಬ್ಬಿಸುತ್ತದೆ, ನಾನು ಆಕಳಿಸುತ್ತಾ ಹೋಗಿ ಗಂಟೆ ಹೊಡೆದು ಊರನ್ನು ಎಬ್ಬಿಸುತ್ತೇನೆ. ಎಲ್ಲ ಪೂರ್ತಿ ಆಟೋಮ್ಯಾಟಿಕ್. ಮೆಷಿನ್ನು ಮಾತ್ರ ನಾನೇ.