ಎರಡು ಕಂಸ, ಎರಡು ಲಗ್ನ

ಹೊಸದಾಗಿ ಕಲಿತ ವಿದ್ಯೆ ತೋರಿಸಬೇಕೆಂಬ ಆಸೆಯೇ ಸಲಾವುದ್ದೀನನ ಆ ದಿನದ ತಾಪತ್ರಯಕ್ಕೆ ಮೂಲ. ಎಂಬತ್ತೊಂಬತ್ತನೇ ಇಸವಿಯಲ್ಲಿ ಹೈದರಾಬಾದಿಗೆ ಹೋಗಿ ಕಂಪ್ಯೂಟರ್ ಕಲಿತು ಬಂದವನು ರಾಯಚೂರಿನಲ್ಲಿ ಸತ್ತಾರ್ ಸಾಬರ ಪ್ರಿಂಟಿಂಗ್ ಅಂಗಡಿ ಸೇರಿದ್ದ.

ಅರಕೇರಾದ ಬಂಡೆಮ್ಮನ ಇಬ್ಬರು ಹೆಣ್ಣುಮಕ್ಕಳಿಗೆ ಮಾನ್ವಿಯ ಅಣ್ಣತಮ್ಮಂದಿರ ಜೊತೆ ಒಂದೇ ಹಂದರದಲ್ಲಿ ಲಗ್ನ. ಲಗ್ನಪತ್ರಿಕೆಯ ಕರಡಿನಲ್ಲಿ ‘ಮಾರೆಪ್ಪ-ಹಣಮಮ್ಮ-ಬೂದೆಪ್ಪ-ಮುದುಕಮ್ಮ’ ಎಂದು ಒಂದೇ ಸಾಲು; ಹಿರಿಯ ಜೋಡಿ ಮೊದಲು, ಕಿರಿಯ ಜೋಡಿ ಆಮೇಲೆ.

“ನನ್ನ ಹುಡುಗ್ಯಾರ ಹೆಸರು ಮೊದಲ ಬರಬೇಕಪಾ” ಎಂದಳು ಬಂಡೆಮ್ಮ.

ಒಂದೊಂದೇ ಹೆಸರು ತಿದ್ದುವ ಬದಲು ಸಲಾವುದ್ದೀನ ಯಂತ್ರಕ್ಕೆ ಕೊಡುವ ನಿಯಮದಲ್ಲಿ ಎರಡು ಕಂಸ ಹಾಕಿದ; ಕಂಸವೆಂದರೆ ಹೆಸರು ಹಿಡಿದಿಡುವ ಬುಟ್ಟಿ. ಅಡ್ಡಗೆರೆಯ ಹಿಂದಿನದು ಮೊದಲ ಕಂಸಕ್ಕೆ, ಮುಂದಿನದು ಎರಡನೆಯದಕ್ಕೆ. ಆಮೇಲೆ ಎರಡನ್ನೂ ಅದಲುಬದಲು ಮಾಡು ಎಂದು ಯಂತ್ರಕ್ಕೆ ಅಪ್ಪಣೆ ಕೊಟ್ಟ. ಆದರೆ ಸಾಲಿನಲ್ಲಿ ಅಡ್ಡಗೆರೆ ಮೂರಿದ್ದವು. ಮೊದಲ ಕಂಸ ಪಂಕ್ತಿಯಲ್ಲಿ ಕೂತ ಹೊಟ್ಟೆಬಾಕನ ಹಾಗೆ ಕೊನೆಯ ಗೆರೆಯವರೆಗೂ ನುಂಗಿತು. ಎರಡನೆಯದಕ್ಕೆ ಉಳಿದವಳು ಮುದುಕಮ್ಮ ಒಬ್ಬಳೇ. ಅವಳು ಜಿಗಿದು ಸಾಲಿನ ತಲೆಗೆ ಬಂದು ಕೂತಳು: ‘ಮುದುಕಮ್ಮ-ಮಾರೆಪ್ಪ-ಹಣಮಮ್ಮ-ಬೂದೆಪ್ಪ’. ಹೆಣ್ಣಿನ ಹೆಸರು ಮೊದಲಿದ್ದುದನ್ನಷ್ಟೇ ನೋಡಿ ಅವನು ಪತ್ರಿಕೆ ಹೊಡೆದು ಕೊಟ್ಟುಬಿಟ್ಟ.

ಎರಡೂ ಮನೆಯವರು ಜವಳಿಗೆಂದು ರಾಯಚೂರಿಗೇ ಬಂದಿದ್ದರು. ಬಟ್ಟೆ ಅಂಗಡಿಯಲ್ಲಿ ಯಾರೋ ಪತ್ರಿಕೆ ಓದಿ ಹೇಳಿದ್ದೇ ತಡ, ಬಂಡೆಮ್ಮ ಎಣ್ಣೆಗೆ ಬಿದ್ದ ಸಾಸಿವೆಯಂತೆ ಸಿಡಿಯುತ್ತ ಪ್ರಿಂಟಿಂಗ್ ಅಂಗಡಿಗೆ ಬಂದು ಪತ್ರಿಕೆಯ ಕಟ್ಟು ಎಸೆದಳು.

“ಏನಲೇ, ಹಿರೇಮಗಳನ್ನ ಕಿರೇ ಅಳಿಯಗ ಕೊಟ್ಟೀಯಲ್ಲ! ಲಗ್ನ ಮಾಡಾಕಿ ನಾನಾ, ನಿನ್ನ ಡಬ್ಬಿನಾ?”

ಪಕ್ಕದ ಅಂಗಡಿಯ ದರ್ಜಿ ಉರುಕುಂದಪ್ಪ ಕತ್ತರಿ ಸಮೇತ ಇಣುಕಿದ. “ಕಂಪ್ಯೂಟರ್ ಜಾತಕ ನೋಡಿರಬೇಕು ಬಿಡಬೇ. ಅದು ತಪ್ಪು ಮಾಡಂಗಿಲ್ಲಂತ.”

“ಸಂಜಿಯೊಳಗ ಸರಿ ಮಾಡು, ಇಲ್ಲಾಂದ್ರ ನಾಳಿಂದ ಬರಬ್ಯಾಡ” ಎಂದರು ಸತ್ತಾರ್ ಸಾಬರು.

ಸಲಾವುದ್ದೀನ ಊಟ ಬಿಟ್ಟ. ಕಂಸದೊಳಗೆ ಅಡ್ಡಗೆರೆ ಬರಕೂಡದೆಂದು ಹೊಸ ನಿಯಮ ಬರೆದ. ಹಳೆಯದನ್ನು ಅಳಿಸಿ, ಸರಿಯಾದ ಜೋಡಿಗಳ ಪತ್ರಿಕೆ ಹೊಡೆದು, ತಪ್ಪಿದ ಕಟ್ಟನ್ನು ಚಹಾದಂಗಡಿಯ ಒಲೆಗೆ ಕೊಟ್ಟ.

ಸಂಜೆ ಬಂಡೆಮ್ಮ ಬೀಗರ ಸಮೇತ ನಗುತ್ತ ಬಂದಳು. “ಯಪ್ಪಾ, ಹಿರೇಕಿಗೆ ಬೂದೆಪ್ಪನ ಮ್ಯಾಲ, ಕಿರೇಕಿಗೆ ಮಾರೆಪ್ಪನ ಮ್ಯಾಲ ಮನಸಿತ್ತಂತ! ಯಾರೂ ಬಾಯಿ ಬಿಟ್ಟಿರಲಿಲ್ಲ. ಹುಡುಗರೂ ಹೂಂ ಅಂದಾರ. ತಾ, ಮುಂಜಾನಿ ಪತ್ರಿಕಿ ತಾ.”

ಸಲಾವುದ್ದೀನ ಚಹಾದಂಗಡಿಯ ಹೊಗೆ ನೋಡಿದ. “ಈಗ ಕೈಲೆ ಹೊಡದು ಕೊಡ್ತೀನವ್ವಾ.”

“ಕೈಲೆ ಬ್ಯಾಡ! ನೀ ಹೊಡದ್ರ ಊರಾಗ ಯಾರು ನಂಬ್ತಾರ? ಆ ಡಬ್ಬಿನ ಹೇಳಬೇಕು.”

ಬೀಗರೆಲ್ಲ ಬೆಂಚಿನ ಮೇಲೆ ಕೂತು ಯಂತ್ರವನ್ನೇ ನೋಡುತ್ತಿದ್ದರು. ಸಲಾವುದ್ದೀನ ಕಂಸ ಹಾಕಿದ, ತೆಗೆದ, ಮತ್ತೆ ಹಾಕಿದ. ಪ್ರತಿ ಸಲವೂ ಹಣಮಮ್ಮ ಹೋಗಿ ಮಾರೆಪ್ಪನ ಪಕ್ಕಕ್ಕೇ ನಿಂತಳು. ಬೆಳಗ್ಗೆ ಆ ತಪ್ಪನ್ನು ಹೇಗೆ ಮಾಡಿದ್ದೆನೆಂಬುದು ಅವನಿಗೆ ಏನು ಮಾಡಿದರೂ ನೆನಪಾಗಲಿಲ್ಲ.