ಭಾವನ ಮೂಗು ಹನ್ನೆರಡಕ್ಕೆ ಬಂತು

ಇವತ್ತು ನೀರುದೋಸೆ ಎರೆದೆ, ಬಸಳೆ ಹೆಚ್ಚಿದೆ, ಕುಚ್ಚಲಕ್ಕಿಗೆ ನೀರಿಟ್ಟೆ, ಒಗೆದ ಬಟ್ಟೆ ಹರವಿದೆ, ಆಮೇಲೆ ಭಾವನ ಹಣೆಗೆ ಪಟ್ಟಿ ಕಟ್ಟಿ ಅದಕ್ಕೊಂದು ದೀಪ ಸಿಕ್ಕಿಸಿದೆ. ಕೊನೆಯ ಕೆಲಸ ಬೇರೆ ಯಾವ ಮನೆಯಲ್ಲೂ ಇರಲಿಕ್ಕಿಲ್ಲ. ಏನು ಮಾಡುವುದು? ನಮ್ಮ ಭಾವನಿಗೆ ತಮ್ಮ ತಲೆ ಎಲ್ಲಿದೆ ಎಂದೇ ಗೊತ್ತಿರಲಿಲ್ಲ! ಇದು ನನ್ನ ಮಾತಲ್ಲ, ಸ್ಕೇಲು ಹಿಡಿದು ಅಳೆದವರ ಮಾತು.

ಭಾವನೆಂದರೆ ನನ್ನ ಯಜಮಾನರ ಅಣ್ಣ. ಮೂಡುಬಿದಿರೆ ಬಸ್ ಸ್ಟ್ಯಾಂಡಿನ ಬಳಿ ವಾಚು ರಿಪೇರಿಯ ಅಂಗಡಿ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ವರ್ಷಗಟ್ಟಲೆ ಬಗ್ಗಿ ಕೂತು ಕುತ್ತಿಗೆ ಗೂಟವಾಗಿತ್ತು. ಯಾರಾದರೂ ಕರೆದರೆ ಸ್ಟೂಲು ಸಮೇತ ತಿರುಗುತ್ತಿದ್ದರು! ನೋವಿಗೆ ಹಚ್ಚಿದ ಎಣ್ಣೆಯಲ್ಲಿ ಒಂದು ಮದುವೆಯ ಹಪ್ಪಳ ಕರಿಯಬಹುದಿತ್ತು.

ಆದರೂ ಡಾಕ್ಟರ ಹತ್ತಿರ ಹೋದದ್ದು ತೋಡಾರಿನ ಪೆಟ್ರೋಲು ಬಂಕಿನ ಪ್ರಸಂಗದ ಮೇಲೆ. ಸ್ಕೂಟರಿನ ಸೀಟು ಎತ್ತಿ ಪೆಟ್ರೋಲು ಹಾಕಿಸಲು ಭಾವನೂ ಅವರ ಹೆಂಡತಿಯೂ, ಅಂದರೆ ನಮ್ಮ ಅಕ್ಕ, ಇಳಿದಿದ್ದರು. ಅಕ್ಕನಿಗೆ ಕಿವಿ ಮಂದ. ತುಟಿ ನೋಡಿಯೇ ಮಾತು ತಿಳಿಯಬೇಕು. ಭಾವ ಮುಂದೆ ನೋಡಿಕೊಂಡೇ "ಕೂತಾಯ್ತಾ?" ಎಂದು ಕೇಳಿ ಹೊರಟೇಬಿಟ್ಟರು! ದಾರಿಯುದ್ದಕ್ಕೂ ತೆಂಗಿನಕಾಯಿಯ ರೇಟಿನ ಬಗ್ಗೆ ಮಾತಾಡುತ್ತಲೂ ಬಂದರಂತೆ. ಮನೆಯೆದುರು "ಇಳಿ" ಎಂದರೆ, ಇಳಿಯಲು ಯಾರಿದ್ದಾರೆ? ಅಕ್ಕ ಬಸ್ಸಿನಲ್ಲಿ ಬಂದವರೇ ಸ್ಕೂಟರಿನ ಕೀ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡರು. ಕುತ್ತಿಗೆ ಸರಿಯಾಗುವವರೆಗೆ ಕೀ ಇಲ್ಲ!

ಫಿಸಿಯೋಥೆರಪಿಯ ಡಾಕ್ಟ್ರಮ್ಮ ಧಾರವಾಡ ಕಡೆಯವಳು. ಭಾವನ ಹಣೆಗೆ ಕೆಂಪು ಬೆಳಕಿನ ಪೆನ್ನು ಕಟ್ಟಿದಳು. ಎದುರು ಗೋಡೆಯಲ್ಲಿ ಬಳೆಯೊಳಗೆ ಬಳೆ ಬರೆದ ಕಾಗದ. ಬೆಳಕಿನ ಚುಕ್ಕಿಯನ್ನು ನಟ್ಟನಡುವೆ ಇಟ್ಟು, ಕಣ್ಣು ಮುಚ್ಚಿ, ತಲೆ ತಿರುಗಿಸಿ, ಮತ್ತೆ ಅಲ್ಲಿಗೇ ತರಬೇಕು. ಎಷ್ಟು ತಪ್ಪುತ್ತದೋ ಅಷ್ಟು ಕುತ್ತಿಗೆ ತನ್ನ ಜಾಗ ಮರೆತಿದೆ ಎಂದರ್ಥ.

"ಕಣ್ಣು ಮುಚ್ರಿ ಕಾಕಾರ, ಗೋಣು ಎಡಕ್ಕ ಹೊರಳಿಸ್ರಿ."

ಅವಳ ಊರಲ್ಲಿ ಗೋಣೆಂದರೆ ಕುತ್ತಿಗೆ. ನಮ್ಮ ತುಳುವಿನ ಕಿವಿಗೆ ಅದು ಕೋಣ!

"ಕೋಣ ಹೊರಳಿಸ್ಲಿಕ್ಕೆ ಕಂಬಳದವರನ್ನು ಕರಿ ಮಾರಾಯ್ತಿ," ಎಂದರು ಭಾವ. "ನಾನು ವಾಚಿನವ."

ಅಂದಿನಿಂದ ಮನೆಯಲ್ಲಿ ಕುತ್ತಿಗೆಗೆ ಕೋಣನೆಂದೇ ಹೆಸರು.

ಮೊದಲ ದಿನ ಚುಕ್ಕಿ ಬಳೆಗಳನ್ನು ದಾಟಿ, ಕಾಗದವನ್ನೂ ದಾಟಿ, ಪಕ್ಕದ ಕ್ಯಾಲೆಂಡರಿನ ಮೇಲೆ ನಿಂತಿತು. ಎಂಥ ಅವಮಾನ! ಊರವರ ವಾಚಿನ ಮುಳ್ಳನ್ನು ಹನ್ನೆರಡಕ್ಕೆ ತರುವವರ ಮೂಗು ಎರಡು ಗಂಟೆಗೆ ನಿಲ್ಲುವುದೇ?

ಅಂಗಡಿಯಲ್ಲೇ ವ್ಯಾಯಾಮ ಶುರುವಾಯಿತು. ಗಲ್ಫಿನಿಂದ ಬಂದ ಬ್ಯಾರಿ ಸಾಹೇಬರೊಬ್ಬರು ವಾಚು ಮುಂದಿಟ್ಟು ಇದು ಸರಿಯಾಗ್ತದಾ ಎಂದು ಕೇಳುವಾಗ ಭಾವನ ತಲೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗುತ್ತಿತ್ತು. ಪಾಪ, ಅವರು ವಾಚನ್ನು ಜೇಬಿಗೆ ಹಾಕಿ ಹೋದರು! ಗಲ್ಲ ಮೇಲೆ ಕೆಳಗೆ ಮಾಡುವ ಹೊತ್ತಿಗೆ ಅಕ್ಕ ಶಿರ್ತಾಡಿಯ ತಂಗಿ ಮನೆಗೆ ಹೋಗಲು ಒಪ್ಪಿಗೆ ಕೇಳಿ, ಪಡೆದು, ಚೀಲವನ್ನೂ ತುಂಬಿಸಿದರು!

ಪ್ರತಿ ವಾರ ಅಳತೆ. ಚುಕ್ಕಿ ಕ್ಯಾಲೆಂಡರಿನಿಂದ ಕಾಗದಕ್ಕೆ, ಕಾಗದದ ಅಂಚಿನಿಂದ ಹೊರಬಳೆಗೆ ಬಂತು. ಇಷ್ಟು ಗಡಿಬಿಡಿ ಯಾಕೆ ಎಂದು ಡಾಕ್ಟ್ರಮ್ಮ ಕೇಳಿದರೆ ಒಂದೇ ಉತ್ತರ: "ಹಿಂದೆ ನೋಡ್ಲಿಕ್ಕೆ ಉಂಟು." ಹಿಂದಿನಿಂದ ಬರುವ ಲಾರಿ ನೋಡಲಿಕ್ಕಿರಬೇಕು ಎಂದುಕೊಂಡೆವು.

ಇವತ್ತು ಭಾನುವಾರ, ಅವಳನ್ನು ಊಟಕ್ಕೆ ಕರೆದಿದ್ದೆವು. ಸ್ಕೇಲು ಸಮೇತ ಬಂದಳು, ಬಳೆಯ ಕಾಗದವನ್ನು ನಮ್ಮ ಗೋಡೆಗೆ ಅಂಟಿಸಿದಳು. ಭಾವ ಕಣ್ಣು ಮುಚ್ಚಿದರು. ಎಡಕ್ಕೆ ತಿರುಗಿ ಬಂದರು, ನಡುಬಳೆ! ಬಲಕ್ಕೆ ತಿರುಗಿ ಬಂದರು, ಅಲ್ಲೇ! ನಾನು ಸೌಟು ಹಿಡಿದುಕೊಂಡೇ ಕುಣಿದೆ. ಡಾಕ್ಟ್ರಮ್ಮ ಅಳೆದಳು, ನಂಬಿಕೆಯಾಗದೆ ಇನ್ನೊಮ್ಮೆ ಅಳೆದಳು.

"ಕೋಣ ಹಟ್ಟಿಗೆ ಬಂತು," ಎಂದರು ಭಾವ, ಕಣ್ಣು ಮುಚ್ಚಿಕೊಂಡೇ.

ಅಕ್ಕ ಸೊಂಟದಿಂದ ಕೀ ತೆಗೆದುಕೊಟ್ಟರು. ಹಣೆಯ ಪಟ್ಟಿಯನ್ನೂ ಬಿಚ್ಚದೆ ಭಾವ ಸ್ಕೂಟರು ಹೊರಗೆ ತಂದರು. ಅಕ್ಕ ಹಿಂದೆ ಹತ್ತಿದರು. ಲಾರಿಯಿಲ್ಲ, ಬಸ್ಸಿಲ್ಲ, ಖಾಲಿ ಅಂಗಳ. ಭಾವ ಹ್ಯಾಂಡಲು ಹಿಡಿದು, ನಿಧಾನವಾಗಿ ಕುತ್ತಿಗೆ ತಿರುಗಿಸಿ, ಅಕ್ಕನಿಗೆ ತುಟಿ ಕಾಣುವಷ್ಟು ಹಿಂದೆ ನೋಡಿ ಕೇಳಿದರು:

"ಕೂತಾಯ್ತಾ?"

"ಕೂತೆ," ಎಂದರು ಅಕ್ಕ. "ಇನ್ನು ಎದುರು ನೋಡಿ."

ಬಸದಿಯವರೆಗೆ ಹೋಗಿ ಬಂದರು. ಕುಚ್ಚಲಕ್ಕಿ ಅನ್ನ, ಬಸಳೆ ಹುಳಿ, ಹಲಸಿನ ಹಪ್ಪಳ ಉಂಡೆವು. ಊಟದ ಮೇಲೆ ಮೊದಲು ನಿದ್ದೆ ಹೋದದ್ದು ಭಾವ, ಜಗಲಿಯ ಬೆಂಚಿನಲ್ಲಿ, ಕೂತಲ್ಲೇ. ತಲೆ ವಾಲಿ ವಾಲಿ ಪಕ್ಕದಲ್ಲಿದ್ದ ಅಕ್ಕನ ಭುಜದ ಮೇಲೆ ನಿಂತಿತು. ಡಾಕ್ಟ್ರಮ್ಮ ಸ್ಕೇಲು ತೆಗೆಯಲಿಲ್ಲ.